ಸುರಗಿ ಕಡಿಸಿದವರಿಗೆ ನಸುಗುನ್ನಿ

ಎಲ್ಲೋ ದೊಡ್ಡ ಯುದ್ಧ ನಡೆಯುತ್ತಿದ್ದ ಕಾಲ ಅದು. ಕುಂದಾಪುರದ ಕಡೆಯ ಹಾಲಾಡಿಯಿಂದ ಇನ್ನೂ ಒಳಗಿದ್ದ ನಮ್ಮೂರಿಗೆ ಮಾತ್ರ ಸುದ್ದಿ ಎಂದರೆ ಯಾವ ಮರ ಹೂ ಬಿಟ್ಟಿತು ಎಂಬುದೇ. ಮೊದಲು ಗೇರುಹೂವಿನ ಘಾಟು ಗುಡ್ಡದಿಂದ ಇಳಿದು ಬರುತ್ತಿತ್ತು. ಆಮೇಲೆ ಕಾಟುಮಾವಿನ ಮಿಡಿ ಉದುರುತ್ತಿತ್ತು. ಅದನ್ನು ಕಲ್ಲಲ್ಲಿ ಜಜ್ಜಿ, ಉಪ್ಪು ಮೆಣಸು ಹಚ್ಚಿ, ಕೊಯ್ಲಾದ ಗದ್ದೆಯಲ್ಲಿ ಚಿನ್ನಿದಾಂಡು ಆಡುತ್ತಲೇ ತಿನ್ನುತ್ತಿದ್ದೆವು. ಕೊನೆಗೆ ಹಿತ್ತಲಿನ ಸುರಗಿ ಅರಳುತ್ತಿತ್ತು. ಸಣ್ಣ ಬಿಳಿ ಹೂ, ಒಣಗಿದರೂ ಪರಿಮಳ ಬಿಡುವುದಿಲ್ಲ. ಆ ದಿನಗಳಲ್ಲಿ ಚಿಕ್ಕಿಯ ಮುಖ ನೋಡಬೇಕಿತ್ತು.

ಚಿಕ್ಕಿ ಎಂದರೆ ತೀರಿಹೋದ ಚಿಕ್ಕಪ್ಪನ ಹೆಂಡತಿ. ಎಳೆ ಪ್ರಾಯದಲ್ಲೇ ಅವಳ ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದ್ದರು. ಅವಳು ಹೂ ಮುಡಿಯುವ ಹಾಗಿಲ್ಲ, ಆದರೆ ನನ್ನನ್ನೂ ಸೇರಿಸಿ ಮನೆಯ ಹೆಣ್ಣುಮಕ್ಕಳಿಗೆಲ್ಲ ಸುರಗಿ ಕೊಯ್ದು ಬಾಳೆನಾರಿನಲ್ಲಿ ಪೋಣಿಸುವ ಕೆಲಸ ಅವಳದೇ. ಪೋಣಿಸುವ ಮೊದಲು ಬೊಗಸೆ ತುಂಬ ಹಿಡಿದು ಒಮ್ಮೆ ಮೂಸುತ್ತಿದ್ದಳು. ವರ್ಷಕ್ಕೆ ಅವಳಿಗಿದ್ದ ಸುಖ ಅಷ್ಟೇ.

"ಕಣ್ ಮುಚ್ಕಂಡ್ ಮೂಸ್ ಕಾಣ್ ಮಗಾ, ಎಷ್ಟ್ ಲಾಯ್ಕ್ ಇತ್ತ್," ಎಂದು ನನ್ನ ಮೂಗಿಗೂ ಹಿಡಿಯುತ್ತಿದ್ದಳು.

ಒಂದು ಬೆಳಿಗ್ಗೆ ಮನೆಯ ಯಜಮಾನರಾದ ದೊಡ್ಡಪ್ಪ ಅದನ್ನು ನೋಡಿಬಿಟ್ಟರು.

"ಬೋಳಿ ಹೆಂಗ್ಸಿಗ್ ಹೂಗಿನ್ ವಾಸ್ನಿ ಬೇರೆ ಬೇಕಾ? ಮರ ಇದ್ರ್ ಅಲ್ದಾ ಈ ಚಂದ!" ಎಂದು ಎಲ್ಲರೆದುರು ಬುಟ್ಟಿಯನ್ನು ಒದ್ದರು.

ಅಂದೇ ಮರ ಕಡಿಸಿದರು. ಚಿಕ್ಕಿ ಅಳಲಿಲ್ಲ. ಹಿಡಿಸೂಡಿ ಹಿಡಿದು ಚಕ್ಕೆಗಳನ್ನು ಗುಡಿಸಿದಳು. ನಾನು ಮಾತ್ರ ಇದಕ್ಕೆ ಸೇಡು ತೀರಿಸಲೇಬೇಕೆಂದುಕೊಂಡೆ.

ಆ ಕಾಲದಲ್ಲಿ ಬರುವುದೆಲ್ಲ ಹೂವೇ ಅಲ್ಲ. ನಮ್ಮ ಬೇಲಿಯ ಮೇಲೆ ನಸುಗುನ್ನಿ ಕಾಯಿಗಳೂ ಒಣಗಿ ಜೋತಾಡುತ್ತಿದ್ದವು. ಅವುಗಳ ಕಂದು ರೋಮ ಮೈಗೆ ತಾಗಿದರೆ ತುರಿಕೆ ತಡೆಯಲು ದೇವರೇ ಗತಿ. ದೊಡ್ಡಪ್ಪನ ಮಡಿ ಪಂಚೆ ಎತ್ತರದ ಗಳುವಿನ ಮೇಲೆ ಒಣಗುತ್ತಿತ್ತು. ಕೋಲಿನಿಂದಲೇ ಹಾಕಬೇಕು, ಕೋಲಿನಿಂದಲೇ ತೆಗೆಯಬೇಕು, ಅವರು ಮಿಂದು ಬರುವ ತನಕ ಯಾರೂ ಮುಟ್ಟುವ ಹಾಗಿಲ್ಲ. ನಾನೂ ಮುಟ್ಟಲಿಲ್ಲ. ಕೋಲಿನ ತುದಿಗೆ ಕಾಯಿ ಸಿಕ್ಕಿಸಿ ಪಂಚೆಗೆ ಚೆನ್ನಾಗಿ ಒರೆಸಿದೆ.

ಆ ದಿನ ಪೂಜೆಗೆ ಸಾಲಿಗ್ರಾಮ ಊರಿನ ನೆಂಟರು ಬಂದಿದ್ದರು. ಮಂಗಳಾರತಿಗೆ ಮೊದಲೇ ದೊಡ್ಡಪ್ಪ ಒಂದು ಕೈಯಲ್ಲಿ ಗಂಟೆ ಹೊಡೆಯುತ್ತ ಇನ್ನೊಂದು ಕೈಯಲ್ಲಿ ತೊಡೆ ಕೆರೆಯತೊಡಗಿದರು. ಬೆವರು ಸುರಿಯಿತು, ಮಂತ್ರ ತಪ್ಪಿತು.

"ಎಂತಾಯ್ತ್ ನಿಮ್ಗೆ?" ಎಂದು ದೊಡ್ಡಮ್ಮ ಗಾಬರಿಯಾದರು.

"ಎಂತ ಇಲ್ಲ! ಸೆಕಿ, ಸೆಕಿ!"

ಬೇರೆ ಏನು ಹೇಳಿಯಾರು? ಪಂಚೆಯನ್ನು ಯಾರೋ ಕೆಡಿಸಿದ್ದಾರೆ ಎಂದರೆ ಮಡಿ ಹೋಯಿತು, ಪೂಜೆಯೂ ಹೋಯಿತು, ನೆಂಟರೆದುರು ಮರ್ಯಾದೆಯೂ ಹೋಯಿತು. ಅವರ ಮಡಿಯೇ ಅವರ ಬಾಯಿ ಕಟ್ಟಿತ್ತು. ಕುಣಿಯುತ್ತಲೇ ಆರತಿ ಎತ್ತಿದರು. ಕಂಬದ ಮರೆಯಲ್ಲಿ ನಿಂತು ನಾನು ಕಣ್ಣು ತುಂಬ ನೋಡಿದೆ.

ಅಡುಗೆಮನೆಯಲ್ಲಿ ಚಿಕ್ಕಿ ನನ್ನ ಕೆಂಪಾದ ಬೆರಳುಗಳನ್ನು ಕಂಡು ತುರಿಕೆಗೆ ಮದ್ದೆಂದು ಸಗಣಿ ತಂದು ತಿಕ್ಕಿದಳು.

"ಪಾಪದ್ ಕೆಲ್ಸ ಹೆಣೆ," ಎಂದಳು. ಆಮೇಲೆ ಬಾಗಿಲ ಕಡೆ ನೋಡಿ ಮೆಲ್ಲಗೆ, "ಲಾಯ್ಕ್ ಆಯ್ತ್," ಎಂದಳು.

ಈಗ ಆ ಗುಡ್ಡದ ತುಂಬ ಅಕೇಶಿಯಾ. ಗೇರಿನ ಘಾಟಿಲ್ಲ, ಮಿಡಿ ಹೆಕ್ಕುವ ಮಕ್ಕಳಿಲ್ಲ. ಸುರಗಿ ಬೇಕಾದರೆ ಕುಂದಾಪುರದ ಪೇಟೆಯಲ್ಲಿ ಮಾಲೆ ಕೊಳ್ಳಬೇಕು. ಹೋದದ್ದನ್ನೆಲ್ಲ ನೆನೆದರೆ ಬೇಸರವಾಗುತ್ತದೆ, ಆದರೆ ಆ ಮರದ ವಿಷಯದಲ್ಲಿ ನನಗೆ ಇಂದಿಗೂ ಬರುವುದು ಸಿಟ್ಟೇ. ಮರ ಹೋದ ಮೇಲೆ ಚಿಕ್ಕಿ ಆ ಹಿತ್ತಲಿಗೆ ಬೆಳಿಗ್ಗೆ ಕಾಲಿಟ್ಟದ್ದನ್ನು ನಾನು ಕಾಣಲಿಲ್ಲ.

ಅವಳು ತೀರಿಕೊಂಡದ್ದು ನನ್ನ ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ, ಸುರಗಿಯ ಕಾಲದಲ್ಲೇ. ಗಂಡನ ಮನೆಯಿಂದ ಬುಟ್ಟಿ ತುಂಬ ಹೂ ತಂದಿದ್ದೆ. ಹಣ್ಣು ಮುದುಕರಾಗಿದ್ದ ದೊಡ್ಡಪ್ಪ ಪಕ್ಕದಲ್ಲೇ ಕುಳಿತಿದ್ದರು. ನಾನು ಬೊಗಸೆ ಬೊಗಸೆ ತೆಗೆದು ಚಿಕ್ಕಿಯ ಮುಖದ ಸುತ್ತ ಸುರಿದೆ. ಯಾರೂ ಬೇಡ ಎನ್ನಲಿಲ್ಲ. ಸತ್ತವರಿಗೆ ಪರಿಮಳ ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ದೊಡ್ಡಪ್ಪನಿಗೆ ಬರಲಿ ಎಂದೇ ಸುರಿದೆ.