ವೆಂಕಟಪ್ಪಣ್ಣನ ಆರು ಜನ

ವೆಂಕಟಪ್ಪಣ್ಣ ಕಿವಿಗೆ ಹತ್ತಿ ತುರುಕಿಕೊಂಡೇ ನಮ್ಮ ಪ್ಲಾನಿಂಗ್ ಆಫೀಸಿಗೆ ನುಗ್ಗುತ್ತಿದ್ದರು. ತಗಡು ಒತ್ತುವ ಪ್ರೆಸ್ ಷಾಪಿನ ಗದ್ದಲದಲ್ಲಿ ಕೂಗುವಂತೆಯೇ ಇಲ್ಲೂ ಕೂಗುತ್ತಿದ್ದರು. ಎದುರು ಮೇಜಿನ ಹುಡುಗಿ ಬೆಚ್ಚಿಬಿದ್ದರೆ, "ಹೆದ್ರುಕೋಬ್ಯಾಡ ಕಣಮ್ಮಾ, ಬೈತಾ ಇಲ್ಲ, ನನ್ ಮಾತೇ ಹಿಂಗೆ" ಎಂದು ಅದನ್ನೂ ಕೂಗಿಯೇ ಹೇಳುತ್ತಿದ್ದರು.

ದಿನಾ ಬೇರಿಕೆಯಿಂದ ಮೊದಲ ಬಸ್ಸಿಗೆ ಹೊಸೂರಿಗೆ ಬರುತ್ತಿದ್ದ ಅವರು ಎರಡನೇ ಪ್ರೆಸ್ಸಿನ ಲೀಡರ್. ಅವರ ಕೈಕೆಳಗೆ ಆರು ಜನ, ಏಳು ವರ್ಷದಿಂದ ಅದೇ ಆರು ಜನ. ಒಬ್ಬ ತಗಡನ್ನು ಅಚ್ಚಿನೊಳಗೆ ಇಡಬೇಕು, ಇನ್ನೊಬ್ಬ ಪೆಡಲ್ ತುಳಿದು ಪ್ರೆಸ್ಸನ್ನು ಅದರ ಮೇಲೆ ಬೀಳಿಸಬೇಕು. ಇಟ್ಟವನು ಕೈ ಹೊರತೆಗೆದು ಮೇಜಿನ ಅಂಚಿಗೆ ಒಂದು ಸಲ ಬಡಿಯುತ್ತಿದ್ದ. ಬಡಿದದ್ದನ್ನು ಕಣ್ಣಾರೆ ಕಾಣದೆ ಪೆಡಲಿನವನ ಕಾಲು ಇಳಿಯುತ್ತಿರಲಿಲ್ಲ. ಇದು ಕಂಪನಿಯ ಯಾವ ಪುಸ್ತಕದಲ್ಲೂ ಇರಲಿಲ್ಲ, ಅವರೇ ಮಾಡಿಕೊಂಡದ್ದು.

ಹೊಸ ಮ್ಯಾನೇಜರ್ ಬಂದವರೇ ತಂಡಗಳನ್ನೆಲ್ಲ ಬಿಚ್ಚಿಸಿದರು. ಒಂದೊಂದು ಆರ್ಡರಿಗೂ ಸಿಕ್ಕವರನ್ನು ಸೇರಿಸುವುದು, ಮುಗಿದ ಮೇಲೆ ಚದುರಿಸುವುದು. ಕಂಪ್ಯೂಟರಿನಲ್ಲಿ ಪಟ್ಟಿ ಹಾಕುವವನು ನಾನು. ವೆಂಕಟಪ್ಪಣ್ಣ ಬೋರ್ಡಿನಿಂದ ಪಟ್ಟಿಯನ್ನು ಕಿತ್ತುಕೊಂಡೇ ಬಂದರು.

"ನಮ್ ಮಾದೇಸನ ಜೊತೆ ಆ ಸೆಲ್ವನ್ನ ಹಾಕಿದ್ದೀಯಲ್ಲಪ್ಪಾ, ಇವ್ನ ಕೈ ಅವ್ನಿಗ್ ಗೊತ್ತಾ? ಒಂದ್ ತಿಂಗ್ಳು ಪಕ್ಕದಾಗೆ ನಿಂತು ನೋಡ್ಲಿ, ಆಮ್ಯಾಕೆ ಪೆಡಲ್ ಕೊಡು."

"ಮ್ಯಾನೇಜರ್ ಹೇಳಿದ್ದು ಅಣ್ಣಾ, ನಾನೇನ್ ಮಾಡ್ಲಿ?"

"ಪಟ್ಟಿ ಹಾಕಿದ್ ಕೈ ನಿಂದಲ್ವಾ?"

ನನಗೆ ರೇಗಿತು. ಅವರ ಮಾತು ಸರಿಯೆಂದು ಗೊತ್ತಿದ್ದೇ ರೇಗಿತು. ಅದೇ ಪಟ್ಟಿಯ ಇನ್ನೊಂದು ಪ್ರಿಂಟ್ ತೆಗೆದು ಬೋರ್ಡಿಗೆ ಹಚ್ಚಿ ಬಂದೆ, ಥೂ ನನ್ನ!

ಮೂರನೇ ದಿನ ಆಗಬಾರದ್ದು ಆಗಿಹೋಯಿತು. ಸೆಲ್ವಂ ಬಂದ ಲೈನಿನಲ್ಲಿ ಮನಸ್ಸಿನಲ್ಲೇ ಮೂರು ಎಣಿಸಿ ತುಳಿಯುವುದು ರೂಢಿ. ಮಾದೇಶ ತಗಡು ಸರಿಮಾಡುತ್ತಾ ಕೈಯನ್ನು ಒಳಗೇ ಇಟ್ಟಿದ್ದ. ತಾನು ಬಡಿಯುವ ತನಕ ಕಾಯುತ್ತಾನೆಂಬ ನಂಬಿಕೆ. ಸೆಲ್ವಂ ಮೂರು ಎಣಿಸಿದ. ಪಕ್ಕದಲ್ಲಿದ್ದ ವೆಂಕಟಪ್ಪಣ್ಣ ನುಗ್ಗಿ ಮಾದೇಶನ ಕೈಯನ್ನು ಎಳೆದರು. ಮಾದೇಶನ ಕೈ ಉಳಿಯಿತು, ಅವರ ಎರಡು ಬೆರಳು ಹೋದವು. ಸೆಲ್ವಂ ನೆಲಕ್ಕೆ ಕುಸಿದು, "ನಂಗೆ ಯಾರೂ ಹೇಳ್ಲೇ ಇಲ್ಲಣ್ಣಾ, ಸತ್ಯಮಾ!" ಎಂದು ಗೋಳಾಡುತ್ತಿದ್ದ.

ಅವನನ್ನು ಕೆಲಸದಿಂದ ತೆಗೆಯುವುದೆಂದು ಮಾತಾಯಿತು. ನಾನು ಆಸ್ಪತ್ರೆಗೆ ಹೋದಾಗ ವೆಂಕಟಪ್ಪಣ್ಣ ಸಿಡಿದೆದ್ದರು.

"ಸೆಲ್ವನ್ನ ಕಳುಸ್ಬುಟ್ರೆ ನನ್ ಬೆಳ್ಳು ವಾಪಸ್ ಬತ್ತದಾ? ತಪ್ಪು ಪಟ್ಟಿದು ಅಂತ ನೀನೇ ಬಾಯ್ಬುಟ್ಟು ಹೇಳು. ಅವ್ನ್ನೂ ನಮ್ಮೋರ ಜೊತೆಗೇ ಸೇರ್ಸು. ಇನ್ನೊಂದ್ಸಲ ಬಿಚ್ಚಬ್ಯಾಡ."

ಹೇಳಿದೆ. ಮ್ಯಾನೇಜರ ಮುಂದೆ ನಿಂತಾಗ ಕೆಲಸ ಹೋಯಿತೆಂದೇ ಅಂದುಕೊಂಡಿದ್ದೆ. ನನ್ನ ಬಡ್ತಿ ಹೋಯಿತು, ಹಳೆಯ ತಂಡ ಮತ್ತೆ ಕೂಡಿತು. ಸೆಲ್ವಂ ತಿಂಗಳಿಡೀ ಪಕ್ಕದಲ್ಲಿ ನಿಂತು ನೋಡಿದ ಮೇಲೆಯೇ ಅವನಿಗೆ ಪೆಡಲ್ ಸಿಕ್ಕಿತು. ವೆಂಕಟಪ್ಪಣ್ಣನನ್ನು ಮಾತ್ರ ಪ್ರೆಸ್ಸಿಗೆ ಮತ್ತೆ ಬಿಡಲಿಲ್ಲ.

ಕೆಲಸ ಬಿಡುವ ಕಾಗದಕ್ಕೆ ರುಜು ಹಾಕಲು ಬಂದ ದಿನವೇ ನಾನು ಅವರನ್ನು ಕಡೆಯ ಸಲ ಕಂಡದ್ದು. ಗೇಟಿನವರೆಗೂ ಜೊತೆಯಲ್ಲಿ ಹೋದೆ.

"ಪೆಡಲ್ ಮ್ಯಾಲೆ ಯಾರವ್ನೆ ಇವತ್ತು?"

"ಸೆಲ್ವಂ. ತಗಡು ಇಡೋನು ಮಾದೇಶ."

ಒಳಗೆ ಹೋಗಿ ನೋಡಿ ಬನ್ನಿ ಅಂದೆ. ಬೇಡವೆಂದು ಗೇಟಿನ ಕಂಬಿ ಹಿಡಿದು ನಿಂತರು. ಷಾಪಿನೊಳಗೆ ಪ್ರೆಸ್ಸು ಬೀಳುವ ಸದ್ದು. ಒಂದು ಏಟು, ಬಿಡುವು, ಮತ್ತೊಂದು ಏಟು. ಅದರ ಮುಂದಿನದು ಬರಲೇ ಇಲ್ಲ. ನಾನು ಷಾಪಿನ ಕಡೆ ತಿರುಗಿದೆ. ಎಷ್ಟೋ ಹೊತ್ತಾದಂತಾಗಿ, ಆಮೇಲೆ ಬಿತ್ತು.

ವೆಂಕಟಪ್ಪಣ್ಣ ನನ್ನ ಹೆಗಲು ಹಿಡಿದು ಅಲುಗಾಡಿಸಿದರು. "ಕಾಯ್ತಾವ್ನೆ ಕಣಪ್ಪಾ! ನಮ್ ಸೆಲ್ವ ಕಾಯ್ತಾವ್ನೆ!"