ಮಡಿಲಿಂದ ಮಡಿಲಿಗೆ

ಇಸವಿ ಎರಡು ಸಾವಿರ ದಾಟಿ ಕೆಲವು ವರ್ಷಗಳಾಗಿದ್ದವು. ನಾನು ಶಿವಮೊಗ್ಗದ ಒಂದು ಶಾಲೆಯಲ್ಲಿ ಟೀಚರ್ ಆಗಿದ್ದೆ. ಬೆಳಿಗ್ಗೆ ಏಳುವುದಕ್ಕೇ ಮನಸ್ಸಾಗುವುದಿಲ್ಲ, ಯಾಕಾದರೂ ಬದುಕಿದ್ದೇನೋ ಅನ್ನಿಸುತ್ತದೆ ಎಂದು ಒಬ್ಬ ಗೆಳತಿಯ ಹತ್ತಿರ ಮಾತ್ರ ಹೇಳಿಕೊಂಡಿದ್ದೆ. ವಾರ ಕಳೆಯುವುದರೊಳಗೆ ಅದು ಸ್ಟಾಫ್ ರೂಮಿನಲ್ಲಿ ಟೀ ಕುಡಿಯುವಾಗಿನ ಮಾತಾಯಿತು. ಆಮೇಲೆ ಹೊಸಮನೆ ಬಡಾವಣೆಯ ನಮ್ಮ ಮನೆಗೂ ಬಂತು.

ಇನ್ನು ಮೇಲೆ ಯಾರನ್ನೂ ನಂಬುವುದಿಲ್ಲವೆಂದು ಹಟ ಹಿಡಿದೆ. ಪಕ್ಕದ ಮನೆಯವರು ನಕ್ಕರೆ ನನ್ನನ್ನು ನೋಡಿಯೇ ನಕ್ಕಿದ್ದು. ಎರಡು ವರ್ಷದ ಮಗಳನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ಇಷ್ಟೆಲ್ಲ ಹುಷಾರಾಗಿದ್ದವಳು ಸುಖವಾಗಿರಬೇಕಿತ್ತಲ್ಲ! ತಲೆ ಬಾಚಿಕೊಳ್ಳುವುದೇ ರಾಗಿಗುಡ್ಡ ಹತ್ತಿದಷ್ಟು ಆಯಾಸವಾಗತೊಡಗಿತು.

ಡಾಕ್ಟರು ಖಿನ್ನತೆ ಎಂದರು, ಮಾತ್ರೆ ಬರೆದರು. "ಬೇರೆಯವರನ್ನ ನಂಬೋದಕ್ಕೂ ಮೆದುಳಿನ ರಚನೆಗೂ ಸಂಬಂಧ ಇರಬಹುದು ಅಂತಾರಮ್ಮ. ನಂಬಿಕೆ ಕಮ್ಮಿ ಇರೋರಿಗೆ ಈ ಕಾಯಿಲೆ ಬರೋ ಸಾಧ್ಯತೆ ಜಾಸ್ತಿ ಅಂತಾನೂ ಹೇಳ್ತಾರೆ. ಯಾವುದರಿಂದ ಯಾವುದು ಅನ್ನೋದು ಇನ್ನೂ ಸರಿಯಾಗಿ ಗೊತ್ತಿಲ್ಲ. ಮಾತ್ರೆ ಬಿಡಬೇಡಿ, ಜನರ ಜೊತೆ ಬೆರೆಯೋದೂ ಬಿಡಬೇಡಿ."

ಜೊತೆಗೆ ಬಂದಿದ್ದ ಭಾವ, ಅಂದರೆ ನನ್ನ ಗಂಡನ ಅಣ್ಣ, ಮೊದಲರ್ಧವನ್ನಷ್ಟೇ ಕೇಳಿಸಿಕೊಂಡಿದ್ದರು. ಮನೆಗೆ ಬಂದು ತೀರ್ಪು ಕೊಟ್ಟರು. "ಇವಳ ಮೆದುಳೇ ಹಾಗಂತೆ, ಏನ್ ಮಾಡಕ್ಕಾಗುತ್ತೆ?" ಆಮೇಲೆ ನನ್ನ ಕಡೆ ತಿರುಗಿದರು. "ನೀನು ಭದ್ರಾವತಿಗೆ ಅಮ್ಮನ ಮನೆಗೆ ಹೋಗು. ಮಗು ಇಲ್ಲೇ ಇರಲಿ." ನನ್ನ ಗಂಡ ನೆಲ ನೋಡುತ್ತ ಕೂತಿದ್ದರು.

ಎಷ್ಟೋ ತಿಂಗಳ ಮೇಲೆ ನನಗೆ ಸಿಟ್ಟು ಬಂತು. ಸಿಟ್ಟು ಇಷ್ಟು ಹಿತವಾಗಿರುತ್ತದೆಂದು ಮರೆತೇಹೋಗಿತ್ತು.

"ಮೆದುಳು ನಂದು ಭಾವ, ಮಗಳೂ ನನ್ನವಳು. ಎರಡನ್ನೂ ನಾನೇ ನೋಡ್ಕೊಳ್ತೀನಿ" ಎಂದವಳೇ ಮಗಳನ್ನು ಸೊಂಟಕ್ಕೇರಿಸಿಕೊಂಡು ಬಸ್ ಸ್ಟ್ಯಾಂಡಿಗೆ ಹೊರಟೆ.

ಭದ್ರಾವತಿ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಸ್ಸು ರಶ್ ಇದ್ದಾಗ ಕೂತವರು ನಿಂತವರ ಚೀಲವನ್ನೋ ಮಗುವನ್ನೋ ಇಸಕೊಂಡು ತೊಡೆಯ ಮೇಲಿಟ್ಟುಕೊಳ್ಳುವುದು ನಮ್ಮ ಕಡೆಯ ರೂಢಿ. ಯಾರೂ ಹೆಸರು ಕೇಳುವುದಿಲ್ಲ. ಕೆಂಪು ಸೀರೆಯ ಹೆಂಗಸೊಬ್ಬರು "ಕೊಡುಮ್ಮಾ ಪಾಪನ, ನಾನ್ ಇಟ್ಕೊಳ್ತೀನಿ" ಎಂದು ಕೈ ಚಾಚಿದರು. ನಾನು ಮಗಳನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡೆ. ಅಷ್ಟರಲ್ಲಿ ಡ್ರೈವರ್ ಬ್ರೇಕ್ ಹಾಕಿದ. ಅವಳ ತಲೆ ಕಂಬಿಗೆ ಬಡಿಯುವುದು ಸ್ವಲ್ಪದರಲ್ಲಿ ತಪ್ಪಿತು. ಮಗಳನ್ನು ಆ ಹೆಂಗಸಿನ ಕೈಗೆ ಕೊಟ್ಟೆ.

ಸ್ಟಾಪು ಸ್ಟಾಪಿಗೂ ಜನ ಹತ್ತಿ ನನ್ನನ್ನು ಹಿಂದೆ ಹಿಂದೆ ತಳ್ಳಿದರು. ಭದ್ರಾವತಿ ತಲುಪಿ ಗದ್ದಲ ಕರಗಿದಾಗ ನೋಡುತ್ತೇನೆ, ಆ ಸೀಟಿನಲ್ಲಿ ಬೇರೆ ಯಾರೋ ಕೂತಿದ್ದಾರೆ. ಕೆಂಪು ಸೀರೆಯೂ ಇಲ್ಲ, ಮಗಳೂ ಇಲ್ಲ. "ನನ್ ಮಗು!" ಎಂದು ಕಿರುಚಿದೆ.

"ಇಲ್ಲಿದೆ ಬಾ ಮಾರಾಯ್ತಿ, ಕೂಗ್ಬೇಡ, ಎದ್ಬಿಡುತ್ತೆ" ಎಂದರು ಮುಂದಿನ ಸೀಟಿನಿಂದ ಫ್ಯಾಕ್ಟರಿ ಯೂನಿಫಾರಂ ತೊಟ್ಟ ಹಿರಿಯರೊಬ್ಬರು. "ಆಯಮ್ಮ ಮಾಚೇನಹಳ್ಳೀಲಿ ಇಳಿದ್ರು. ಪಕ್ಕದೋರ ಕೈಗೆ ಕೊಟ್ರು. ಅವರು ಇಳಿಯೋವಾಗ ನನಗೆ ಕೊಟ್ರು."

ಮಗಳು ಅವರ ತೊಡೆಯ ಮೇಲೆ ಬಾಯಿ ತೆರೆದುಕೊಂಡು ನಿದ್ದೆ ಹೊಡೆಯುತ್ತಿದ್ದಳು. ನಾನು ನಂಬಿದ್ದು ಒಬ್ಬರನ್ನು, ಅದೂ ಅರೆಮನಸ್ಸಿನಿಂದ. ಅವಳನ್ನು ಊರು ಮುಟ್ಟಿಸಿದ್ದು ಮೂವರು. ಮಗಳನ್ನೆತ್ತಿಕೊಂಡು ಅಲ್ಲೇ ನಿಂತು ಗೊಳೋ ಎಂದು ಅತ್ತೆ.

ನನ್ನ ಮೆದುಳಿನ ರಚನೆ ಬದಲಾಯಿತೋ ಇಲ್ಲವೋ, ಯಾರು ಕಂಡವರು. ಮಾತ್ರೆಗಳನ್ನು ಬಹಳ ಕಾಲ ನುಂಗಿದೆ. ಕೆಟ್ಟ ಬೆಳಗುಗಳು ಆಮೇಲೂ ಬಂದವು. ಆ ಗೆಳತಿಯನ್ನು ಇವತ್ತಿಗೂ ಕ್ಷಮಿಸಿಲ್ಲ, ಕ್ಷಮಿಸುವ ಯೋಚನೆಯೂ ಇಲ್ಲ. ಅವಳೊಬ್ಬಳ ಸಲುವಾಗಿ ಲೋಕದ ಮೇಲೆಲ್ಲ ಅನುಮಾನಪಡುವ ಕೆಲಸ ಮಾತ್ರ ಬಿಟ್ಟೆ.

ನಾನು ತವರಿಗೆ ಬಂದ ಆ ವಾರದ ಭಾನುವಾರ ಮಗುವನ್ನು ಕರೆದುಕೊಂಡು ಹೋಗಲು ಭಾವ ಭದ್ರಾವತಿಗೇ ಬಂದರು. ಬಸ್ಸಿನ ಕಥೆ ಕೇಳಿ ಸಿಡಿದರು. "ಗುರುತಿಲ್ಲದೋರ ಕೈಗೆ ಮಗು ಕೊಡ್ತಾರಾ? ಎತ್ಕೊಂಡು ಹೋಗಿದ್ರೆ?"

"ಮೂರು ಜನ ಎತ್ಕೊಂಡ್ರು ಭಾವ, ಮೂರೂ ಜನ ಜೋಪಾನ ಮಾಡಿದ್ರು" ಎಂದೆ. "ಎತ್ಕೊಂಡು ಹೋಗಕ್ಕೆ ಅಂತ ಬಂದಿರೋರು ನೀವೊಬ್ಬರೇ. ಕಾಫಿ ಕುಡಿದು ಹೊರಡಿ."