ಎತ್ತಿನ ಮುಖಾಂತರ

ಮನೆಗೆ ಗಾಲಿಗಳಿರಬೇಕು ಎಂಬುದು ನನ್ನ ಬಹಳ ದಿನದ ಅಭಿಪ್ರಾಯ. ಬೇಸರವಾದಾಗ ಮನುಷ್ಯ ಮನೆ ಬಿಟ್ಟು ಹೋಗುತ್ತಾನೆ. ಮನೆಯೂ ಅವನ ಜೊತೆಗೆ ಹೊರಡುವಂತಿದ್ದರೆ ಎಷ್ಟೋ ಜನ ಸನ್ಯಾಸಿಗಳಾಗುತ್ತಿರಲಿಲ್ಲ. ಈ ಅಭಿಪ್ರಾಯ ಹುಟ್ಟಿದ್ದು ಬೆಳಗಾವಿಯ ಕ್ಯಾಂಪಿನ ರಸ್ತೆಯಲ್ಲಿ. ಚಳಿ ಬಿತ್ತೆಂದರೆ ಅಲ್ಲಿಯ ಸಾಹೇಬರು ಮಡದಿಯ ಸಮೇತ ತಾಲೂಕು ತಿರುಗಾಟಕ್ಕೆ ಹೊರಡುತ್ತಿದ್ದರು. ಮುಂದೆ ಟಾಂಗಾ, ಹಿಂದೆ ಡೇರೆ, ಮಂಚ, ಕುರ್ಚಿ, ಸ್ನಾನದ ತೊಟ್ಟಿ, ಕೋಳಿಯ ಪಂಜರ ಎಲ್ಲವನ್ನೂ ಹೊತ್ತ ಬಂಡಿಗಳ ಸಾಲು. ಸಾಲೆಗೆ ಹೊರಟ ಬಡ ಮಾಸ್ತರನಾದ ನಾನು ನಿಂತು ನೋಡುತ್ತಿದ್ದೆ. ನನಗೆ ಹೊಟ್ಟೆಕಿಚ್ಚಾಗುತ್ತಿದ್ದುದು ಮಂಚಕ್ಕಲ್ಲ, ತೊಟ್ಟಿಗೂ ಅಲ್ಲ. ಟಾಂಗಾದಲ್ಲಿ ಗಂಡಹೆಂಡತಿ ಅಕ್ಕಪಕ್ಕ ಕುಳಿತು, ಹಾಡುಹಗಲಿನಲ್ಲಿ, ಪೇಟೆಯೆಲ್ಲ ನೋಡುತ್ತಿರುವಾಗ, ಒಬ್ಬರಿಗೊಬ್ಬರು ಮಾತಾಡುತ್ತ ಹೋಗುತ್ತಿದ್ದರು.

ಇದರಲ್ಲೇನು ವಿಶೇಷ ಎನ್ನುವಿರಾದರೆ ನಮ್ಮ ಮನೆಯ ಪದ್ಧತಿ ನಿಮಗೆ ತಿಳಿಯದು. ಅಥವಾ ನಿಮ್ಮ ಮನೆಯಲ್ಲೂ ಅದೇ ಇದ್ದು ನೀವು ಹೇಳಿಕೊಳ್ಳುತ್ತಿಲ್ಲ. ಖಡೇಬಜಾರಿನ ಹಿಂದಿನ ಗಲ್ಲಿಯಲ್ಲಿ ನಮ್ಮದು ದೊಡ್ಡ ಕುಟುಂಬ. ಅವ್ವ, ಇಬ್ಬರು ಅಣ್ಣಂದಿರು, ಅವರ ಸಂಸಾರ, ಒಬ್ಬಳು ಸೋದರತ್ತೆ, ಎಲ್ಲೆಂದರಲ್ಲಿ ಕಾಲಿಗೆ ತೊಡರುವ ಮಕ್ಕಳು. ಹಿರಿಯರಿರುವ ಮನೆಯಲ್ಲಿ ಗಂಡಹೆಂಡತಿ ನೇರವಾಗಿ ಮಾತಾಡಬಾರದು, ಮಾತು ಮೂರನೆಯವರ ಮುಖಾಂತರ ಹೋಗಬೇಕು. ನನಗೆ ಅಂಗಿ ಬೇಕಾದರೆ ಎದುರಿಗೇ ನಿಂತ ಹೆಂಡತಿಯನ್ನು ಬಿಟ್ಟು ನೆಲದ ಮೇಲೆ ಆಡುತ್ತಿದ್ದ ಅಣ್ಣನ ಕೂಸಿಗೆ, “ಕಾಕೂಗ ಕೇಳು, ನನ್ನ ಅಂಗಿ ಎಲ್ಲೈತಿ ಅಂತ” ಎನ್ನುತ್ತಿದ್ದೆ. ಅವಳೂ ಅದೇ ಕೂಸಿಗೆ, “ಕಾಕಾಗ ಹೇಳು, ಮೂಗಿನ ಮುಂದ ಐತಿ ಅಂತ” ಎನ್ನುತ್ತಿದ್ದಳು. ಕೂಸಿಗೆ ಇನ್ನೂ ಮಾತು ಬಂದಿರದಿದ್ದರೂ ನಡೆಯುತ್ತಿತ್ತು. ಪದ್ಧತಿಗೆ ಬೇಕಾದದ್ದು ನಡುವೆ ಒಂದು ಜೀವ, ಅಷ್ಟೆ. ರಾತ್ರಿ ಕೋಣೆಯಲ್ಲಿ ಮಾತಾಡಬಹುದಿತ್ತಲ್ಲ ಎಂದರೆ, ಕೋಣೆಯ ಗೋಡೆ ಹಲಗೆಯದು, ಅದರಾಚೆ ಸೋದರತ್ತೆಯ ಹಾಸಿಗೆ, ಮತ್ತು ಸೋದರತ್ತೆಗೆ ನಿದ್ದೆ ಕಡಿಮೆ.

ಹೀಗೆ ನಮ್ಮ ಮದುವೆಯ ಹನ್ನೆರಡು ವರ್ಷ ಸುಖವಾಗಿಯೇ ಕಳೆದವು. ನಮಗೆ ಮಕ್ಕಳಾಗಿರಲಿಲ್ಲ; ಮನೆಯಲ್ಲಿ ಮಕ್ಕಳ ಕೊರತೆಯೂ ಇರಲಿಲ್ಲ. ಊರ ಹೊರಗಿನ ಬಯಲಿನಲ್ಲಿ ದೇಶದ ದೊಡ್ಡ ಸಭೆ ನೆರೆದು, ಬೆಳಗಾವಿಯ ತುಂಬ ಖಾದಿ ಟೊಪ್ಪಿಗೆಗಳೇ ಓಡಾಡಿದ್ದವಲ್ಲ, ಅದರ ಮರುವರ್ಷದ ಮಾತು. ಲೋಂಡಾದ ಸಾಲೆಗೆ ಹೆಡ್ಮಾಸ್ತರನಾಗಿ ಹೋಗುತ್ತೀರಾ ಎಂದು ಮೇಲಿನವರು ಕೇಳಿದರು. ಡಿಸೆಂಬರಿನ ನಾತಾಳದ ರಜೆ ಮುಗಿದು ಸಾಲೆ ತೆರೆಯುವಾಗ ಉತ್ತರ ಕೊಡಬೇಕಾಗಿತ್ತು. ಲೋಂಡಾ ಎಂದರೆ ರೈಲಿನ ಜಂಕ್ಷನ್, ಸುತ್ತ ಕಾಡು, ಎರಡು ಖೋಲಿಯ ಬಿಡಾರ, ಅದರಲ್ಲಿ ನಾವಿಬ್ಬರೇ. ಮನೆಯಲ್ಲಿ ಎಲ್ಲರನ್ನೂ ಕೇಳಿದೆ. ಅಣ್ಣಂದಿರು ಹೋಗು ಎಂದರು. ಅವ್ವ ನಿನ್ನಿಷ್ಟ ಎಂದಳು. ಸೋದರತ್ತೆ ಅಲ್ಲಿ ಹುಲಿ ಇದೆ ಎಂದಳು. ನನಗೆ ಹುಲಿಯ ಹೆದರಿಕೆ ಇರಲಿಲ್ಲ, ಹೆಂಡತಿಯದಿತ್ತು. ಆ ಎರಡು ಖೋಲಿಯಲ್ಲಿ ನಾವಿಬ್ಬರು ಮಾತಾಡುವುದಾದರೂ ಏನು, ಯಾರ ಮುಖಾಂತರ? ಅವಳು ಎದುರಿಗೆ ಕುಳಿತು ಸುಮ್ಮನೆ ಅಕ್ಕಿ ಆರಿಸುತ್ತಿರುವ, ನಾನು ಸುಮ್ಮನೆ ಗೋಡೆ ನೋಡುತ್ತಿರುವ ಚಿತ್ರ ಕಣ್ಣಿಗೆ ಕಟ್ಟಿ ಬೇಡವೆಂದು ಬಿಡುವ ಮನಸ್ಸಾಗುತ್ತಿತ್ತು.

ಅಷ್ಟರಲ್ಲಿ ನಂದಗಡದ ನಮ್ಮ ಮಾವನವರ ಸವಾರಿ ಬಂಡಿ ಗಾಲಿಯ ದುರಸ್ತಿಗೆಂದು ಬೆಳಗಾವಿಗೆ ಬಂತು. ಅದನ್ನು ಹೊಡೆದುಕೊಂಡು ಬಂದ ಆಳು ಇಲ್ಲಿಯೇ ನೆಂಟರ ಮನೆಯ ಮದುವೆಗೆ ಉಳಿಯಬೇಕಾಗಿತ್ತು. ಬಂಡಿಯನ್ನು ನಾನೇ ಮುಟ್ಟಿಸುತ್ತೇನೆ, ಹೆಂಡತಿಗೆ ತವರು ನೋಡಿದಂತೆಯೂ ಆಯಿತು, ಸ್ವಲ್ಪ ಸುತ್ತು ಹಾಕಿ ಮೊದಲು ಲೋಂಡಾದ ಬಿಡಾರ ನೋಡಿದಂತೆಯೂ ಆಯಿತು ಎಂದೆ. ಒಳಗಿನ ಯೋಚನೆ ಬೇರೆ. ಇಬ್ಬರೇ ಇರುವುದು ಹೇಗಿರುತ್ತದೆಂದು ಗಾಲಿಯ ಮೇಲೆ ಪರೀಕ್ಷೆ ಮಾಡಿ ನೋಡೋಣ ಎಂದು. ಚಾಪೆಯ ಕಮಾನಿನ ಕೆಳಗೆ ಹುಲ್ಲು ಹರಡಿ, ಅದರ ಮೇಲೆ ಗಾದಿ, ಕೌದಿ ಹಾಸಿದೆವು. ಕಬ್ಬಿಣದ ಒಲೆ, ತವೆ, ತಾಮ್ರದ ಕೊಡ, ಹಿಟ್ಟಿನ ಡಬ್ಬಿ, ಅವಳ ಟ್ರಂಕು, ಕಂದೀಲು ಒಂದೊಂದಾಗಿ ಏರಿದವು. ಕೊನೆಗೆ ಅವಳು ಒಂದು ಕಸಬರಿಗೆಯನ್ನೂ ತಂದು ಸಿಕ್ಕಿಸಿದಾಗ ನನಗೆ ಸಾಹೇಬರ ಮೇಲಿನ ಹೊಟ್ಟೆಕಿಚ್ಚು ಸ್ವಲ್ಪ ಇಳಿಯಿತು.

ಬಂಡಿ ಹೊಡೆಯುವುದು ನನಗೆ ಬರುತ್ತಿರಲಿಲ್ಲ. ಆದರೆ ಸರ್ಜಾ, ರಾಜಾ ಎಂಬ ಆ ಎತ್ತುಗಳಿಗೆ ಎಳೆಯುವುದು ಬರುತ್ತಿತ್ತು, ಹಾದಿಯೂ ಗೊತ್ತಿತ್ತು. ನಾನು ಹಗ್ಗ ಹಿಡಿದು ಅವುಗಳ ಮರ್ಯಾದೆ ಕಾಯುತ್ತ ಕುಳಿತೆ. ಊರು ದಾಟುವತನಕ ಹೆಂಡತಿ ಪರದೆಯ ಹಿಂದೆ. ಮಚ್ಛೆ ಹಳ್ಳಿಯ ಹೊಲಗಳು ಬಂದಾಗ ಮಂಜು ಇನ್ನೂ ಕರಗಿರಲಿಲ್ಲ. ಕೊಯ್ದ ಭತ್ತದ ಗದ್ದೆಗಳಲ್ಲಿ ವಟಾಣಿಯ ಬಳ್ಳಿ ಹಬ್ಬಿತ್ತು. ಪರದೆ ಸರಿಯಿತು. ಈಗ ಮಾತಾಡಬೇಕು ಎಂದುಕೊಂಡು ಗಂಟಲು ಸರಿಮಾಡಿಕೊಂಡೆ. ಗಂಟಲು ಸರಿಯಾಯಿತು, ಮಾತು ಬರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಹಿಂದಿನಿಂದ ಅವಳ ದನಿ ಕೇಳಿತು: “ಸರ್ಜಾ, ಅವರಿಗೆ ಹೇಳು, ಹಸಿವಾಗಿದ್ದರ ಅವಲಕ್ಕಿ ಕಲಸೀನಿ ಅಂತ.”

ನಾನು ಸ್ವಲ್ಪ ಯೋಚಿಸಿ, “ರಾಜಾ, ಆಕಿಗೆ ಹೇಳು, ಕೊಡು ಅಂತ” ಎಂದೆ. ಸರ್ಜಾ ಅವಳ ತವರಿನಲ್ಲಿ ಹುಟ್ಟಿದ್ದು. ಅದನ್ನು ನನ್ನ ವಕೀಲನನ್ನಾಗಿ ಮಾಡಿಕೊಳ್ಳುವುದು ನ್ಯಾಯವಲ್ಲ ಎನಿಸಿತು.

ಅಲ್ಲಿಂದ ಸಂಸಾರ ಸಲೀಸಾಗಿ ನಡೆಯಿತು. ನಮ್ಮ ಹಳೆಯ ಕವಿಗಳು ಹಂಸವನ್ನು, ಗಿಳಿಯನ್ನು, ಮೋಡವನ್ನು ಪ್ರೇಮಿಗಳ ದೂತರನ್ನಾಗಿ ಕಳಿಸಿದ್ದಾರೆ. ಎತ್ತನ್ನು ಯಾರೂ ಕಳಿಸಿದಂತಿಲ್ಲ, ಇದು ಕವಿಗಳ ತಪ್ಪು. ಹಂಸ ಹಾರಿಹೋದರೆ ಉತ್ತರ ಬರುವತನಕ ಕಾಯಬೇಕು, ಮೋಡ ಹಾದಿಯಲ್ಲೇ ಕರಗಬಹುದು. ಎತ್ತು ಎಲ್ಲಿಗೂ ಹೋಗುವುದಿಲ್ಲ. ಹೇಳಿದ್ದಕ್ಕೆ ತನ್ನದೊಂದು ಸೇರಿಸುವುದಿಲ್ಲ, ಸೋದರತ್ತೆಗೆ ಮುಟ್ಟಿಸುವುದಿಲ್ಲ. ಎರಡು ದಿನದಲ್ಲಿ ಸರ್ಜಾನ ಮುಖಾಂತರ ನನಗೆ ತಿಳಿದ ಸಂಗತಿಗಳು ಹನ್ನೆರಡು ವರ್ಷದಲ್ಲಿ ತಿಳಿದಿರಲಿಲ್ಲ. ನನ್ನ ಹೆಂಡತಿಗೆ ಬೆಲ್ಲಕ್ಕಿಂತ ಹುಣಸೆಹಣ್ಣು ಇಷ್ಟ. ನಾನು ನಿದ್ದೆಯಲ್ಲಿ ಮಗ್ಗಿ ಹೇಳುತ್ತೇನೆ, ಹದಿನೇಳರ ಮಗ್ಗಿಯಲ್ಲಿ ತಪ್ಪುತ್ತೇನೆ. ಆದರೂ ಲೋಂಡಾದ ಮಾತು ಬಂದಾಗ ನಾನು ರಾಜಾನಿಗೆ, “ಏನಪಾ, ಹೋಗೂಣೋ ಬ್ಯಾಡೋ?” ಎಂದು ಕೇಳಿದರೆ ಹಿಂದಿನಿಂದ ಬಳೆ ಸರಿಸಿದ ಸದ್ದು ಮಾತ್ರ ಕೇಳುತ್ತಿತ್ತು. ಲೋಂಡಾಕ್ಕೆ ಎತ್ತುಗಳನ್ನು ಕರೆದೊಯ್ಯಲು ಬರುವುದಿಲ್ಲವಲ್ಲ ಎಂಬ ಚಿಂತೆ ನನ್ನನ್ನು ಮತ್ತೆ ಹಿಡಿಯುತ್ತಿತ್ತು.

ಖಾನಾಪುರದಲ್ಲಿ ಮಲಪ್ರಭೆಯ ದಂಡೆಯ ಮೇಲೆ ಬಂಡಿ ಬಿಟ್ಟೆವು. ರಾಜಾನ ಲಾಳ ಸವೆದು ಅದು ಕುಂಟುತ್ತಿತ್ತು. ಎತ್ತಿಗೆ ಲಾಳ ಕಟ್ಟುವ ನಾಲಬಂದ ಚಾಚಾ ಹತ್ತಿರದಲ್ಲೇ ಇದ್ದ. ಬಿಳಿ ಗಡ್ಡ, ಗಟ್ಟಿ ತೋಳು, ಊರಿನ ಎಲ್ಲರ ವ್ಯವಹಾರದಲ್ಲೂ ಆಸಕ್ತಿ. ಅವನು ಬಂಡಿಯೊಳಗೆ ಒಮ್ಮೆ ಇಣುಕಿದ. ಒಲೆ, ಟ್ರಂಕು, ಕಸಬರಿಗೆ ನೋಡಿದ. ಯಾವ ಊರು ಎಂದು ಕೇಳಿದ. ಬೆಳಗಾವಿಯ ಸಾಲೆಯ ಮಾಸ್ತರ, ಕೊನೆಗೆ ನಂದಗಡಕ್ಕೆ ಮುಟ್ಟಬೇಕು, ಅದು ಹೆಂಡತಿಯ ತವರು ಎಂದೆ. ಅದೇ ಹೊತ್ತಿಗೆ ಅವಳು, “ಸರ್ಜಾ, ಅವರಿಗೆ ಹೇಳು, ನೀರು ಕಾದಾವು ಅಂತ” ಎಂದಳು. ಚಾಚಾ ನನ್ನ ಮುಖ ನೋಡಿದ, ಅವಳ ಮುಖ ನೋಡಿದ, ಇನ್ನೊಂದರ ಲಾಳವನ್ನೂ ನೋಡಬೇಕೆಂದು ಎರಡೂ ಎತ್ತುಗಳನ್ನು ಹೊಡೆದುಕೊಂಡು ಹೋದ.

ಎತ್ತುಗಳು ಹೋದದ್ದೇ ನಮ್ಮಿಬ್ಬರ ಬಾಯಿಗೂ ಬೀಗ ಬಿತ್ತು. ಊಟಕ್ಕೆ ಕರೆಯಲು ಅವಳು ತವೆಯ ಮೇಲೆ ಸೌಟು ಬಡಿದಳು. ಸಾಕು ಎನ್ನಲು ನಾನು ಗಂಗಾಳದ ಮೇಲೆ ಕೈ ಅಡ್ಡ ಹಿಡಿದೆ. ನದಿಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಒಗೆಯುವುದನ್ನು ಬಿಟ್ಟು ನಮ್ಮನ್ನೇ ನೋಡುತ್ತಿದ್ದರು. ಲೋಂಡಾದ ಬಿಡಾರದಲ್ಲಿ ನಮ್ಮ ಸಂಸಾರ ಹೀಗೆಯೇ ಇರುತ್ತದೆ ಎಂದುಕೊಂಡು ನನಗೆ ನಿಜವಾಗಿಯೂ ದುಃಖವಾಯಿತು. ಆಗದೆಂದು ಮೇಲಿನವರಿಗೆ ಹೇಳಿಬಿಡುವುದೇ ಸರಿ ಎಂದು ಅಲ್ಲಿಯೇ ನಿಶ್ಚಯ ಮಾಡಿದೆ.

ಹೊತ್ತು ಇಳಿದರೂ ಎತ್ತುಗಳು ಬರಲಿಲ್ಲ. ವಿಚಾರಿಸಲು ಇಬ್ಬರೂ ಚಾಚಾ ಲಾಳ ಕಟ್ಟುವ ದೊಡ್ಡ ಗಿಡದ ನೆರಳಿಗೆ ಹೋದೆವು. ಲಾಳ ಕಟ್ಟಿಯಾಗಿತ್ತು, ಎತ್ತುಗಳು ಮೇವು ತಿನ್ನುತ್ತ ಸುಖವಾಗಿದ್ದವು. ಚಾಚಾನ ಸುತ್ತ ಏಳೆಂಟು ಜನ ಹಿರಿಯರು ಕುಳಿತಿದ್ದರು.

“ಎತ್ತು ಕೊಡೂದಿಲ್ರಿ ಮಾಸ್ತರ,” ಎಂದ ಚಾಚಾ. “ಕುಂದರ್ರಿ. ಹೆಂಡ್ತೀನ್ನ ಸಾಮಾನ ಸಮೇತ ತವರಿಗೆ ಬಿಟ್ಟು ಬರಾಕ ಹೊಂಟೀರಿ. ಮಾತು ಬಿಟ್ಟೀರಿ. ನಾವೇನು ಕುರುಡರೇನು? ನನ್ನ ಕೈಲೆ ಲಾಳ ಕಟ್ಟಿಸಿಕೊಂಡ ಎತ್ತು ಇಂಥಾ ಕೆಲಸಕ್ಕ ಹೋಗೂದಿಲ್ಲ. ಮೊದಲ ಇಬ್ಬರೂ ಮಾತಾಡ್ರಿ.”

ಮುದುಕರೊಬ್ಬರು ಮರಾಠಿಯಲ್ಲಿ, ಸಂಸಾರದಲ್ಲಿ ಇದೆಲ್ಲ ಇದ್ದದ್ದೇ ಎಂದು ನನಗೆ ಸಮಾಧಾನ ಹೇಳಿದರು. ಅಲ್ಲ, ಇದು ನಮ್ಮ ಮನೆಯ ಪದ್ಧತಿ, ನಮ್ಮಲ್ಲಿ ಜಗಳವೇ ಇಲ್ಲ ಎಂದು ನಾನು ಎರಡೂ ಭಾಷೆಯಲ್ಲಿ ತೊದಲಿದೆ. ಸಾಲೆಯಲ್ಲಿ ಹುಡುಗರ ನೆಪಗಳನ್ನು ಕೇಳಿದ ನನಗೆ, ನನ್ನ ಮಾತು ಎಷ್ಟು ಪೊಳ್ಳಾಗಿ ಕೇಳುತ್ತಿದೆಯೆಂದು ತಿಳಿಯುತ್ತಿತ್ತು. ಚಾಚಾ ನನ್ನನ್ನು ಬಿಟ್ಟು ಅವಳ ಕಡೆಗೆ ತಿರುಗಿದ. “ಹೇಳು ಬೇಟಿ. ಏನು ತಕರಾರು ನಿಂದು?”

ನನ್ನ ಹೆಂಡತಿ ಸೆರಗು ಸರಿಮಾಡಿಕೊಂಡಳು. ನಗುತ್ತಿದ್ದಳೆಂದು ನನಗೆ ಈಗಲೂ ಅನುಮಾನ. “ಇವರು ನನ್ನ ಬಿಡಾಕ ಹೊಂಟಿಲ್ರಿ ಚಾಚಾ. ಲೋಂಡಾದಾಗ ಮನಿ ನೋಡಾಕ ಹೊಂಟೀವಿ. ತಕರಾರು ಒಂದೈತಿ. ಲೋಂಡಾಕ್ಕ ಹೋಗೂದೋ ಬ್ಯಾಡೋ ಅಂತ ಅವ್ವಾರಿಗೆ ಕೇಳ್ಯಾರ, ಅಣ್ಣಾರಿಗೆ ಕೇಳ್ಯಾರ, ಸೋದರತ್ತಿಗೂ ಕೇಳ್ಯಾರ. ಈಗ ಎರಡು ದಿನ ಆತು, ಎತ್ತಿಗೂ ಕೇಳಾಕತ್ಯಾರ. ನನಗೊಬ್ಬಾಕಿಗೆ ಕೇಳಿಲ್ಲ.”

ಗಿಡದ ಕೆಳಗೆ ಯಾರೂ ನಗಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು. ನನಗೆ ನಾಚಿಕೆಯಾಯಿತು. ಅದರ ಹಿಂದೆಯೇ, ಹೇಳಿದರೆ ನೀವು ನಂಬುವುದಿಲ್ಲ, ದೊಡ್ಡ ಸಂತೋಷವೂ ಆಯಿತು. ಮಾತಿಲ್ಲವೆಂದು ನಾನು ಹೆದರಿದ್ದ ಬಾಯಿಯಲ್ಲಿ ಇಷ್ಟು ಮಾತು ಇತ್ತು, ಅದೂ ಎಂಥ ಸರಿಯಾದ ಮಾತು. ಎದ್ದು ನಿಂತೆ, ಅವಳ ಮುಖ ನೋಡಿದೆ, ಹಗಲು ಬೆಳಕಿನಲ್ಲಿ, ಜನರ ಮುಂದೆ, ಯಾವ ಜೀವವನ್ನೂ ನಡುವೆ ಇಟ್ಟುಕೊಳ್ಳದೆ ಕೇಳಿದೆ: “ಲೋಂಡಾಕ್ಕ ಹೋಗೂಣೇನು?”

“ಮನಿ ನೋಡಿ ಹೇಳ್ತೀನಿ,” ಎಂದಳು.

ಚಾಚಾ ಎತ್ತುಗಳ ಹಗ್ಗ ಬಿಚ್ಚಿ ನನ್ನ ಕೈಗೆ ಕೊಟ್ಟ.

ಮರುದಿನ ಲೋಂಡಾದ ದಾರಿಯಲ್ಲಿ ಅವಳು ಮುಂದೆ ಬಂದು ನನ್ನ ಪಕ್ಕದಲ್ಲೇ ಕುಳಿತಳು. ಕಾಡಿನೊಳಗೆ ಎಲೆಯುದುರಿದ ಮರಗಳ ನಡುವೆ ಬಿಸಿಲು ನೆಲದವರೆಗೂ ಬೀಳುತ್ತಿತ್ತು. ಹಗ್ಗ ಹಿಡಿಯುವುದರಲ್ಲಿ ನಾನು ಮಾಡುತ್ತಿದ್ದ ತಪ್ಪುಗಳನ್ನು ಅವಳು ಒಂದೊಂದಾಗಿ ನನಗೇ ಹೇಳಿದಳು. ಬೆಳಗಾವಿಯಿಂದ ಅವನ್ನೆಲ್ಲ ನೋಡುತ್ತಲೇ ಬಂದಿದ್ದಳಂತೆ.

ಬಿಡಾರ ಸ್ಟೇಶನ್ನಿನ ಹಿಂದೆ ಇತ್ತು. ಗೋಡೆಯ ಮೇಲೆ ಇಂಜಿನ್ನಿನ ಮಸಿ, ಹಿತ್ತಲಿಗೆ ಹತ್ತಿದ ಕಾಡು, ಬಾವಿಯೊಂದೇ ಚೆನ್ನಾಗಿತ್ತು. ಅವಳು ಒಲೆ ನೋಡಿದಳು, ಕಿಟಕಿ ತೆರೆದು ಮುಚ್ಚಿದಳು, ಬಾವಿಯ ನೀರು ಸೇದಿ ರುಚಿ ನೋಡಿದಳು, ಎರಡು ಖೋಲಿಯಲ್ಲೂ ಅತ್ತಿಂದಿತ್ತ ನಡೆದಳು. ನಾನು ಇನಸ್ಪೆಕ್ಟರ ಹಿಂದೆ ಮಾಸ್ತರ ನಡೆದಂತೆ ಹಿಂದೆ ಹಿಂದೆ ನಡೆದೆ. ಏನಂತೀ ಎಂದು ಕೇಳುವ ಧೈರ್ಯವಾಗಲಿಲ್ಲ. ಬೇಡವೆಂದುಬಿಟ್ಟರೆ ಎಂಬ ಹೆದರಿಕೆ ಈಗ ಹುಟ್ಟಿತ್ತು. ಈ ಮಸಿ ಹಿಡಿದ ಖೋಲಿಗಳು ನನಗೆ ಆಗಲೇ ಬೇಕಾಗಿದ್ದವು.

ಕೊನೆಗೆ ಅವಳು ಹೊಸ್ತಿಲ ಮೇಲೆ ಕುಳಿತಳು. “ಬರೂಣು. ಆದರ ಒಂದು ಕರಾರು. ಸಂಜಿಮುಂದ ಸಾಲಿಯಿಂದ ಬಂದಮ್ಯಾಲೆ, ಇವತ್ತ ಏನಾತು ಅಂತ ನೀವು ನನಗ ಹೇಳಬೇಕು.”

“ಏನೂ ಆಗದಿದ್ದರ?” ಎಂದೆ. ಲೋಂಡಾದಂಥ ಊರಿನಲ್ಲಿ ಅದೇ ಹೆಚ್ಚು ಸಂಭವ.

“ಏನೂ ಆಗಲಿಲ್ಲ ಅಂತ ಹೇಳ್ರಿ. ಯಾಕ ಆಗಲಿಲ್ಲ ಅಂತ ನಾ ಕೇಳ್ತೀನಿ.”

ನಾವು ಇಲ್ಲಿಗೆ ಬಂದು ಮೂರು ವರ್ಷವಾಯಿತು. ನಾನು ಊಹಿಸಿದಂತೆಯೇ ಲೋಂಡಾದಲ್ಲಿ ಏನೂ ಆಗದ ದಿನಗಳೇ ಹೆಚ್ಚು. ಆದರೆ ಒಂದು ದಿನ ಏಕೆ ಏನೂ ಆಗಲಿಲ್ಲ ಎಂಬುದನ್ನು ಇಬ್ಬರು ಸೇರಿ ಸರಿಯಾಗಿ ವಿಚಾರ ಮಾಡಲು ಒಂದು ಸಂಜೆ ಸಾಲದು. ನಿನ್ನೆಯದೇ ಇನ್ನೂ ಮುಗಿದಿಲ್ಲ.